ಹತ್ತರಲ್ಲಿ ಒಂದು

ಮುಂಬೈಯ ಸಾಯನ್ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಮುಗಿಸುವಷ್ಟರಲ್ಲಿ ಮಹಾದೇವಿಗೆ ಅದನ್ನು ಹೇಳುವ ಐದು ರೀತಿ ಹೊಳೆದಿದ್ದವು. ಸರ್, ಆ ಕೆಲಸ ನನ್ನ ಪಾಲಿಗೆ ಬಂದದ್ದು. ಸರ್, ಆ ದಿನ ಸಪ್ನಾ ಅದನ್ನು ಮುಟ್ಟಿಯೇ ಇಲ್ಲ. ಸರ್, ದವಾಖಾನೆಯಲ್ಲಿ ಕೂತು ಮಾಡಿದ ಕೆಲಸ ಹಾಗೇ ಆಗುವುದು. ಸರ್, ಹೆಸರು ಸಪ್ನಾಳದಿದ್ದರೂ ಬೆರಳು ಬೇರೆಯವರದು. ಐದನೆಯದು ಎದುರಿನಿಂದ ಇಳಿದುಬಂದ ಜನರ ನಡುವೆ ಅರ್ಧಕ್ಕೇ ಕಳೆದುಹೋಯಿತು. ಮೇಲೆ ಕಟಾಂಜನ ಹಿಡಿದು ನಿಂತು ಉಸಿರು ಬಿಡುವಾಗ ಅವಳ ಗಮನಕ್ಕೆ ಬಂತು, ಉಳಿದ ನಾಲ್ಕರಲ್ಲಿ ಒಂದರಲ್ಲೂ 'ನಾನು ಮಾಡಿದೆ' ಎಂಬುದು ಇರಲಿಲ್ಲ. ಬಾಗಿಲಲ್ಲಿ ನಾಯಿ ಮಲಗಿದ್ದರೆ ಜನ ಬಳಸಿ ದಾಟುವ ಹಾಗೆ ಎಲ್ಲವೂ ಅದನ್ನು ಬಳಸಿ ಹೋಗಿದ್ದವು. ಎರಡೇ ಎರಡು ಪದ. ಇವತ್ತು ಶುಕ್ರವಾರ. ಹನ್ನೆರಡು ಗಂಟೆಗೆ ಬೊರಿವಲಿಯಿಂದ ಗಿರಾಕಿ ವೈಶಾಲಿಬಾಯಿ ಆಫೀಸಿಗೆ ಬರುವವರಿದ್ದರು. ಅವರ ಮುಂದೆ ಸಪ್ನಾಳನ್ನು ನಿಲ್ಲಿಸಿ, ತಪ್ಪು ಮಾಡಿದ ಹುಡುಗಿ ಇವಳೇ, ಇವತ್ತಿಗೆ ಇವಳ ಕೆಲಸ ಮುಗಿಯಿತು ಎಂದು ಹೇಳಿಬಿಡುವುದಾಗಿ ಆಫೀಸಿನ ಮಾಲಕ ದೇವಾನಂದ ನಿನ್ನೆ ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದ್ದ. ತಪ್ಪು ಮಾಡಿದವಳು ಮಹಾದೇವಿ. ಅದು ಮಹಾದೇವಿಗೆ ಗೊತ್ತಿತ್ತು, ಸಪ್ನಾಳಿಗೂ ಗೊತ್ತಿತ್ತು. ಯಾಕೆ ಮಾಡಿದಳು ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ.

ಬೆಳಿಗ್ಗೆ ಮನೆಯಲ್ಲಿಯೂ ಒಂದು ಮಾತು ಹೀಗೇ ಅವಳ ಕಾಲಿಗೆ ತೊಡರಿಕೊಂಡಿತ್ತು. ಗಂಡ ಕಿಟಕಿಯ ಹತ್ತಿರ ಕೂತು ಎಡಗೈಯಿಂದ ಕಪ್ಪು ಹಿಡಿದು ಚಹಾ ಕುಡಿಯುತ್ತಿದ್ದ. ದವಾಖಾನೆಯಿಂದ ಬಂದು ಮೂರು ವಾರವಾಗಿತ್ತು. ಬಲಗೈಗೆ ಇನ್ನೂ ಬಲ ಬಂದಿರಲಿಲ್ಲ. ತುಟಿಯ ಒಂದು ಬದಿ ಚೂರು ಕೆಳಗೆ ಜಗ್ಗಿದಂತಿತ್ತು. ಮಾತು ಮಾತ್ರ ಮೊದಲಿನದೇ.

"ನಿನ್ನೆ ಕೆಳಗಿನ ಮನಿ ಅಂಬವ್ವ ಬಂದಿದ್ಲು," ಎಂದ. "ಇಡೀ ವಾರ್ಡಿಗೆ ಕೇಳೂಹಂಗ ನನ್ನ ಹೆಸರ ಹಿಡದ ಒದರಿದಿಯಂತ."

"ಆಕಿಗೇನ ಗೊತ್ತು?"

"ಅವತ್ತ ನೋಡಾಕ ಬಂದಿದ್ಲಂತ. ಬಾಗಲದಾಗ ನಿಂತ ಕೇಳ್ಯಾಳ. ಹನ್ನೊಂದ ಸಲ ಅಂತ. ಎಣಿಸ್ಯಾಳ ನೋಡು."

"ನರ್ಸ್ ಒದರ ಅಂದ್ರು, ಒದರಿದೆ. ಡಬ್ಬಿ ಮುಚ್ಚಿಟ್ಟೀನಿ, ಒಂದ ಗಂಟೆಕ್ಕ ಉಣ್ರಿ."

"ಮತ್ತ ಈಗ ಯಾಕ 'ರೀ' ಅಂತಿ?" ಎಂದು ಗಂಡ ಕಪ್ಪು ಕೆಳಗಿಟ್ಟ. ತುಟಿಯ ಬದಿ ಜಗ್ಗಿತು. ನಕ್ಕನೋ, ನೊಂದುಕೊಂಡನೋ, ಅಥವಾ ಅದು ಬೇನೆಯಿಂದ ಉಳಿದ ಸೊಟ್ಟವೋ ಮಹಾದೇವಿಗೆ ತಿಳಿಯಲಿಲ್ಲ. ಇಪ್ಪತ್ತಾರು ವರ್ಷದಿಂದ ಆ ಮುಖವನ್ನು ಓದಿ ಓದಿ, ಅದು ಹೇಳುವ ಮೊದಲೇ ಅದರ ಮಾತು ತಿಳಿಯುವ ಹಾಗಾಗಿತ್ತು. ಈಗ ಯಾರೋ ಅಕ್ಷರ ಅಲುಗಾಡಿಸಿಬಿಟ್ಟಿದ್ದರು. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತ "ಬರ್ತೀನ್ರಿ" ಎಂದಳು, ಎಂದ ಮೇಲೆ ಆ 'ರಿ' ಬಾಯಲ್ಲಿ ಕಲ್ಲಿನ ಹಾಗೆ ಉಳಿಯಿತು.

ಲೋಕಲ್ ಬಂದಾಗ ಬೇಕಂತಲೇ ಹಿಂದಿನ ಲೇಡೀಸ್ ಡಬ್ಬಿಗೆ ಹತ್ತಿದಳು. ಅವಳೂ ಸಪ್ನಾಳೂ ದಿನಾ ಮುಂದಿನ ಡಬ್ಬಿಯಲ್ಲಿ ಜೊತೆಯಾಗಿ ಹೋಗುವವರು. ಸೋಮವಾರದಿಂದ ಸಪ್ನಾ ಯಾವ ಗಾಡಿಗೆ ಹೋಗುತ್ತಿದ್ದಳೋ ಕಂಡಿರಲಿಲ್ಲ. ಇವತ್ತು ಹಿಂದಿನ ಡಬ್ಬಿಯ ಬಾಗಿಲ ಪಕ್ಕದಲ್ಲಿ, ಪರ್ಸನ್ನು ಎದೆಗೆ ಅವಚಿಕೊಂಡು, ಅವಳೇ ನಿಂತಿದ್ದಳು. ಒಬ್ಬರನ್ನೊಬ್ಬರು ತಪ್ಪಿಸಲು ಹೊರಟು ಒಂದೇ ಕಡೆ ಬಂದು ಮುಟ್ಟಿದ್ದರು. ಇಪ್ಪತ್ತಮೂರರ ಹುಡುಗಿ. ಅವಳ ಅಪ್ಪ ವಿಜಯಪುರದ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆಂದು ಬಂದು ಇಲ್ಲೇ ಉಳಿದವನು. ತಾಯಿ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುವವಳು. ಅವರಿದ್ದ ಚಾಳಿನಿಂದ ಕಂಪ್ಯೂಟರಿನ ಮುಂದೆ ಕೂತ ಮೊದಲನೆಯವಳು ಇವಳು. ಮಹಾದೇವಿಯನ್ನು ನೋಡಿ ಸಪ್ನಾ ಜಾಗ ಮಾಡಿಕೊಟ್ಟಳು.

"ಕಾಕಾ ಹೆಂಗದಾರ್ರಿ ಕಾಕೂ?"

"ಅದಾರವ್ವ. ಕೈ ಒಂದ ಆಗಬೇಕು."

"ಬಿಸಿ ಉಪ್ಪಿನ ಗಂಟಿಲೆ ಶಾಕ ಕೊಡ್ರಿ. ನಮ್ಮ ಅವ್ವ ಹೇಳ್ಯಾಳ."

ಅಷ್ಟೇ. ಕುರ್ಲಾದಲ್ಲಿ ಇಳಿಯುವವರು ಇಳಿದು, ಹತ್ತುವವರು ನುಗ್ಗಿ, ಇಬ್ಬರ ನಡುವೆ ಒಬ್ಬ ಮೀನಿನ ಬುಟ್ಟಿಯವಳು ಬಂದು ನಿಂತಳು. ಅವಳ ಹೆಗಲಿನ ಮೇಲಿಂದ ಸಪ್ನಾಳ ಕಿವಿಯ ಓಲೆಯಷ್ಟೇ ಕಾಣುತ್ತಿತ್ತು. ಈ ಹುಡುಗಿ ಯಾಕೆ ಬಾಯಿ ಬಿಡುವುದಿಲ್ಲ? ತನ್ನ ಪಾಸ್‌ವರ್ಡನ್ನು ಮಹಾದೇವಿಗೆ ಕೊಟ್ಟದ್ದು ಆಫೀಸಿನಲ್ಲಿ ಆ ತಪ್ಪಿಗಿಂತ ದೊಡ್ಡ ತಪ್ಪು ಎಂಬ ಹೆದರಿಕೆಯೋ? ಹಿರಿಯಳು ಎಂಬ ಮರ್ಯಾದೆಯೋ? ಅಥವಾ ದಿನಕ್ಕೊಂದು ಅವಕಾಶ ಕೊಟ್ಟು, ಇವತ್ತು ಹೇಳುತ್ತಾಳಾ, ಇವತ್ತು ಹೇಳುತ್ತಾಳಾ ಎಂದು ನೋಡುತ್ತಿದ್ದಾಳೋ? ಮರ್ಯಾದೆಯಾಗಿದ್ದರೆ ತಾಳಬಹುದಿತ್ತು, ಹೆದರಿಕೆಯಾಗಿದ್ದರೂ. ಕಾಯುವುದಾಗಿದ್ದರೆ ತಾಳುವ ದಾರಿಯೇ ಇರಲಿಲ್ಲ. ಉಪ್ಪಿನ ಗಂಟಿನ ಮಾತು ಇನ್ನೂ ಕಿವಿಯಲ್ಲಿ ಬೆಚ್ಚಗಿತ್ತು.

ಕೆಲಸವೆಂದರೆ ಹೀಗೆ. ಘಾಟ್ಕೋಪರಿನಲ್ಲಿ ಫರಸಾಣ ಎಂಬ ಕರಿದ ತಿಂಡಿಗಳ ಅಂಗಡಿಯ ಮೇಲಿನ ಎರಡು ಕೋಣೆ, ಆರು ಕಂಪ್ಯೂಟರು, ಒಂದು ನೀರಿನ ಜಾರು. ಅಲ್ಲಿ ಕೂತು ಮಹಾದೇವಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಸಣ್ಣ ಸಣ್ಣ ಬರಹ ಬರೆಯುತ್ತಿದ್ದಳು, ಬೇರೆಬೇರೆ ಸೈಟುಗಳಿಗೆ: ಪ್ರಯಾಣದ ಬುತ್ತಿ, ಸಕ್ಕರೆ ಕಾಯಿಲೆಯವರ ಊಟ, ಬಾಣಂತಿಯ ಪಥ್ಯ. ಪ್ರತಿಯೊಂದರ ನಡುವೆ ಎಲ್ಲೋ ಒಂದು ಕಡೆ ಎರಡೋ ಮೂರೋ ಪದ ನೀಲಿ ಬಣ್ಣದಲ್ಲಿ ಇರಬೇಕು, ಅದನ್ನು ಒತ್ತಿದರೆ ಗಿರಾಕಿಯ ಸೈಟು ತೆರೆದುಕೊಳ್ಳಬೇಕು. ಅಷ್ಟು ಕಡೆಗಳಿಂದ ಅಷ್ಟು ಜನ ಒಂದೇ ಮನೆಯತ್ತ ಬೆರಳು ಮಾಡಿದರೆ ಗೂಗಲ್ಲು ಆ ಮನೆಯನ್ನು ಮೇಲಕ್ಕೆ ಎತ್ತುತ್ತದೆ. ಆದರೆ ನೀಲಿ ಪದಗಳು ಒಂದೇ ಆಗಿರಬಾರದು. ಒಂದು ಕಡೆ ಅಂಗಡಿಯ ಹೆಸರು, ಒಂದು ಕಡೆ ಬರೀ ವಿಳಾಸ, ಒಂದು ಕಡೆ 'ಇಲ್ಲಿ ನೋಡಿ', ಇನ್ನೊಂದು ಕಡೆ 'ನಮ್ಮ ಅತ್ತೆಯ ಕೈರುಚಿ ನೆನಪಿಸುವ ಅಡುಗೆಮನೆ'. ಗಿರಾಕಿ ಆಸೆಪಟ್ಟ ನೇರ ಮಾತನ್ನು, ಜನ ಹುಡುಕುವ ಆ ಮಾತನ್ನೇ, ಹತ್ತರಲ್ಲಿ ಒಂದು ಸಲ ಮಾತ್ರ ಬರೆಯಬೇಕು. ಎಲ್ಲರ ಬಾಯಲ್ಲೂ ಒಂದೇ ಮಾತು ಬಂದರೆ ಮಾತಾಡುತ್ತಿರುವುದು ಒಂದೇ ಬಾಯಿ ಎಂದು ಯಂತ್ರಕ್ಕೆ ವಾಸನೆ ಹತ್ತುತ್ತದೆ, ಎತ್ತಿದ ಮನೆಯನ್ನು ಅದೇ ಕೈ ಕೆಳಗೆ ಹಾಕುತ್ತದೆ. ಐದು ವರ್ಷದ ಹಿಂದೆ, ಮಗ ಅಮೋಲ್ ಕಾಲೇಜಿಗೆಂದು ಪುಣೆಗೆ ಹೋಗಿ ಮನೆ ಖಾಲಿಯಾದಾಗ, ಅವಳು ಕೆಲಸ ಕೇಳಿಕೊಂಡು ಬಂದ ದಿನ ದೇವಾನಂದ ಒಂದು ಪರೀಕ್ಷೆ ಇಟ್ಟಿದ್ದ. ಬೆಳಗಾವಿ ಕಡೆಯ ಅಪ್ಪ ಅಮ್ಮನಿಗೆ ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಅರ್ಧ, ಹಿಂದಿ ಅರ್ಧ. ಒಂದು ಸೀರೆ ಅಂಗಡಿಯ ಹೆಸರು ಕೊಟ್ಟು, ಆ ಹೆಸರು ತೆಗೆದುಕೊಳ್ಳದೆ ಅದೇ ಅಂಗಡಿಯನ್ನು ಹತ್ತು ರೀತಿಯಲ್ಲಿ ಹೇಳ್ರಿ ಎಂದಿದ್ದ. ಅವಳು ಕಾಗದದಿಂದ ಪೆನ್ನು ಎತ್ತದೆ ಮೂವತ್ತಾರು ಬರೆದು ಕೊಟ್ಟಳು.

"ಅರೇ ಬಾಪ್‌ರೇ. ಎಲ್ಲಿ ಕಲತ್ರಿ ಇದನ್ನ?" ಎಂದು ಅವನು ಕೇಳಿದ್ದ.

ಎಲ್ಲಿ ಕಲಿತೆ ಎಂದು ಹೇಳಲು ಅವಳಿಗೆ ನಾಚಿಕೆಯಾಗಿತ್ತು. ಇಂಡಿ ಪಟ್ಟಣದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಈ ಊರಿಗೆ ಬಂದಂದಿನಿಂದ ಅವಳು ಮಾಡಿದ್ದು ಇದನ್ನೇ. ಗಂಡನ ಹೆಸರು ಬಾಯಲ್ಲಿ ಬರಬಾರದು; ಗಂಡನ ಮಾತು ಬರದೆ ದಿನ ಸಾಗದು. ಇವರು, ಅವರು, ನಮ್ಮ ಮನಿಯವರು, ಹಿರೇರು, ಗೋದಾಮಿಗೆ ಹೋಗ್ಯಾರಲ್ಲ ಅವರು, ಅಮೋಲನ ಅಪ್ಪ, ನಮ್ಮ ಅತ್ತಿ ಮಗ, ಮನಿಯಾಗಿಲ್ಲ ಸಂಜೀಗಿ ಬರ್ರಿ. ಅಂಚೆಯವನು ಮನಿಯಾರ್ಡರ್ ಹಿಡಿದು ಹೆಸರು ಕೇಳಿದರೆ ಗೋಡೆಯ ಮೇಲಿನ ಲಿಂಗಪ್ಪಜ್ಜನ ಫೋಟೋ ತೋರಿಸಿ, ಇವರ ಹೆಸರಿನ ಹಿಂದ 'ಗುರು' ಹಚ್ಚಿ ಓದಕೋರಿ ಎಂದವಳು ಅವಳು. ಮದುವೆಮನೆಯಲ್ಲಿ ಮಾತ್ರ, ಬಾಗಿಲಿಗೆ ಅಡ್ಡ ಹೆಂಗಸರು ನಿಂತು ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಹಟ ಹಿಡಿದಾಗ, ಒಡಪಿನಲ್ಲಿ ಸುತ್ತಿ ಒಮ್ಮೆ ಹೇಳಬಹುದು. 'ತಾಮ್ರದ ಕೊಡದಾಗ ತುಂಬೀನಿ ತಣ್ಣನ ನೀರ, ಗುರಲಿಂಗಪ್ಪನವರ ಹೆಸರ ಹೇಳತೀನಿ ಸರದ ನಿಲ್ಲರಿ ದೂರ.' ಹೆಂಗಸರು ಹೋ ಎಂದು ನಗುವಾಗ ಮೈ ಬಿಸಿಯಾಗುತ್ತಿತ್ತು. ವರ್ಷಕ್ಕೆ ಒಂದು ಮದುವೆ ಎಂದರೂ ಎಷ್ಟಾಯಿತು? ಆ ಗದ್ದಲದಲ್ಲಿ ಗಂಡ ಯಾವತ್ತಾದರೂ ಹತ್ತಿರ ನಿಂತು ಅದನ್ನು ಕೇಳಿಸಿಕೊಂಡಿದ್ದನೇ? ಅದನ್ನು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಅಂಬವ್ವ ಹನ್ನೊಂದು ಎಂದು ಎಣಿಸಿದಳಂತೆ.

ವಿದ್ಯಾವಿಹಾರ ದಾಟಿತು. ಮೀನಿನವಳು ಹೊರಳಿದಾಗ ಸಪ್ನಾಳ ಮುಖ ಪೂರ್ತಿ ಕಂಡಿತು, ಕಣ್ಣು ಮುಚ್ಚಿದ್ದಳು. ಮುಚ್ಚಿದ ಕಣ್ಣು ನೋಡಿದರೆ ಮಹಾದೇವಿ ಈಗೀಗ ಬೇರೆ ಕಡೆ ಮುಖ ತಿರುಗಿಸುತ್ತಿದ್ದಳು. ದವಾಖಾನೆಯ ಆ ಮಧ್ಯಾಹ್ನವೂ ಹೀಗೇ, ಗಂಡನ ಮುಚ್ಚಿದ ಎರಡು ರೆಪ್ಪೆ, ಮೂಗಿಗೆ ನಳಿಕೆ. ಒಂದೂವರೆ ದಿನದಿಂದ ಎಚ್ಚರವಿರಲಿಲ್ಲ. ಡಾಕ್ಟರು ಬಂದು ನೋಡಿ ಹೋದ ಮೇಲೆ ದಪ್ಪ ಕನ್ನಡಕದ ನರ್ಸು, "ಬಾಯಿ, ಹಾಕ ಮಾರಾ ತ್ಯಾಂನಾ," ಎಂದಳು, ಕರೆಯಿರಿ ಅವರನ್ನು. ಮಹಾದೇವಿ ಬಗ್ಗಿ "ರೀ" ಎಂದಳು. "ಏನ್ರೀ, ಕೇಳಸ್ತೇನ್ರಿ?" ಎಂದಳು. "ಅಮೋಲ ಬಂದಾನ ನೋಡ್ರಿ" ಎಂದು ಸುಳ್ಳು ಹೇಳಿದಳು, ಅಮೋಲ್ ಇನ್ನೂ ಪುಣೆಯಿಂದ ಬಸ್ಸಿನಲ್ಲಿದ್ದ. "ಅಮೋಲನ ಅಪ್ಪಾ" ಎಂದಳು. ರೆಪ್ಪೆ ಅಲುಗಲಿಲ್ಲ. ಪಕ್ಕದ ಹಾಸಿಗೆಯ ಹೆಂಗಸು ನೋಡುತ್ತಿದ್ದಳು. ನರ್ಸು ಸಿಡುಕಿದಳು: "ನಾವ ಘ್ಯಾ ನಾ ಬಾಯಿ. ರೀ ರೀ ಕಾಯ ಕರತಾ?" ಹೆಸರು ಹಿಡಿ, ರೀ ರೀ ಎಂದರೆ ಯಾರಿಗೆ ಗೊತ್ತಾಗಬೇಕು. ನಿಜ, ಆ ವಾರ್ಡಿನಲ್ಲಿ ಎಲ್ಲ ಗಂಡಸರೂ ಯಾರಿಗಾದರೂ 'ರೀ'ಯೇ. ಅವಳ ಇಪ್ಪತ್ತಾರು ವರ್ಷದ ಅಷ್ಟೂ ಮಾತುಗಳು ಆ ಮನುಷ್ಯನ ಕಿವಿಯ ಹತ್ತಿರ ಹೋಗಿ, ಬಾಗಿಲು ತಿಳಿಯದೆ ಹಿಂದಿರುಗಿ ಬರುತ್ತಿದ್ದವು. "ಗುರಲಿಂಗಪ್ಪ" ಎಂದಳು. ಪಿಸುಮಾತಾಗಿ ಬಂತು, ಎರಡನೆಯ ಸಲ ಗಂಟಲು ಬಿಟ್ಟಿತು, ಮೂರನೆಯ ಸಲ ಅದು ಯಾರದೋ ದನಿಯಾಗಿತ್ತು, ಹೊಲದ ಆ ತುದಿಯಿಂದ ಈ ತುದಿಗೆ ಕರೆಯುವ ದನಿ. ಒಡಪಿಲ್ಲ, 'ಅವರು' ಇಲ್ಲ, ಬತ್ತಲೆ ಹೆಸರು. ಎಷ್ಟು ಸಲವೋ ಅವಳು ಎಣಿಸಲಿಲ್ಲ. ಆಮೇಲೆ ರೆಪ್ಪೆ ನಡುಗಿತು, ತೆರೆಯಿತು, ಆ ಕಣ್ಣು ಮೊದಲು ಚಾವಣಿ ನೋಡಿ ಆಮೇಲೆ ಅವಳನ್ನು ನೋಡಿತು. ನರ್ಸು, "ಹಾಂ, ಹೀಗೆ" ಎನ್ನುವ ಹಾಗೆ ತಲೆಯಾಡಿಸಿ ಮುಂದಿನ ಹಾಸಿಗೆಗೆ ಹೋದಳು.

ಅದೇ ದಿನ ಮೂರು ಗಂಟೆಗೆ ಮಹಾದೇವಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಆಫೀಸಿನ ಕೆಲಸ ತೆಗೆದಿದ್ದಳು. ವೈಶಾಲಿಬಾಯಿಯ ಖಡಕ್ ರೊಟ್ಟಿಯ ಅಡುಗೆಮನೆಗೆ ನಲವತ್ತೆರಡು ಬರಹಗಳು, ಬರೆದು ಮುಗಿದಿದ್ದವು, ನೀಲಿ ಪದಗಳನ್ನು ತುಂಬುವುದಷ್ಟೇ ಬಾಕಿ, ಸಂಜೆಯೊಳಗೆ ಹೋಗಬೇಕಿತ್ತು. ಫೋನಿನಲ್ಲಿ ತೆರೆದರೆ ಪಾಸ್‌ವರ್ಡು ಕೇಳಿತು. ಅವಳ ಪಾಸ್‌ವರ್ಡು ಆಫೀಸಿನ ಕಂಪ್ಯೂಟರಿಗೆ ನೆನಪಿತ್ತು, ಅವಳಿಗಿರಲಿಲ್ಲ. ಸಪ್ನಾಳಿಗೆ ಫೋನು ಮಾಡಿದಳು. "ನೀವ ಬಿಡ್ರಿ ಕಾಕೂ, ನಾ ತುಂಬತೀನಿ" ಎಂದಿದ್ದಳು ಹುಡುಗಿ. ಅವತ್ತು ಹಾಗೇ ಬಿಟ್ಟಿದ್ದರೆ. ಇಲ್ಲ, ನನ್ನ ಕೆಲಸ ನಾನ ಮಾಡತೀನಿ ಎಂದು ಯಾವ ಬಿಗುಮಾನಕ್ಕೆ ಅಂದಳೋ. "ಹಂಗಾರ ನನ್ನ ಹೆಸರಲೆ ಹೊಗ್ರಿ. ಪಾಸ್‌ವರ್ಡ್ ನಮ್ಮ ಅವ್ವನ ಹೆಸರು, ಸುಂದ್ರವ್ವ, ಮುಂದ ಒಂದು ಎರಡು ಮೂರು." ತಾಯಿಯ ಹೆಸರನ್ನು ಎಷ್ಟು ಸಲೀಸಾಗಿ ಹೇಳಿಬಿಟ್ಟಳು. ಮಹಾದೇವಿ ಅದನ್ನು ಒತ್ತಿ ಒಳಗೆ ಹೋದಳು. ಪಟ್ಟಿಯ ಮೊದಲ ಸಾಲಿಗೆ 'ಮುಂಬೈಯಲ್ಲಿ ಖಡಕ್ ರೊಟ್ಟಿ' ಎಂದು ಬರೆದಳು. ಎರಡನೆಯ ಸಾಲಿಗೆ ಬೇರೆ ಬರೆಯಬೇಕೆಂದು ಗೊತ್ತಿತ್ತು. ಹತ್ತರ ಲೆಕ್ಕ ಗೊತ್ತಿತ್ತು. ಮರೆತಿರಲಿಲ್ಲ, ಮರೆವು ಎಂದು ಹೇಳಿಬಿಟ್ಟರೆ ಎಷ್ಟು ಹಗುರಾಗುತ್ತಿತ್ತು, ಆದರೆ ಮರೆವು ಅಲ್ಲ. 'ಮುಂಬೈಯಲ್ಲಿ ಖಡಕ್ ರೊಟ್ಟಿ' ಎಂದು ಬರೆದಳು. ಮೂರನೆಯದಕ್ಕೂ ಅದೇ. ಬೆರಳಿಗೆ ಒಂದು ಬಲ ಬಂದಂತಾಗಿತ್ತು, ಗಂಟಲಿಗೆ ಬಂದಿತ್ತಲ್ಲ, ಅದೇ. ನಲವತ್ತೆರಡಕ್ಕೂ ಒಂದೇ ಮಾತು ಬರೆದು ಫೋನು ಮುಚ್ಚಿದಾಗ ಮೈಯೆಲ್ಲ ಹಗುರಾಗಿ, ಹಸಿವಾಗಿ, ಕೆಳಗೆ ಹೋಗಿ ಎರಡು ವಡಾಪಾವ್ ತಿಂದಳು.

ಎರಡು ವಾರದಲ್ಲಿ, ಮೊದಲ ಪುಟದಲ್ಲಿದ್ದ ವೈಶಾಲಿಬಾಯಿಯ ಅಡುಗೆಮನೆ ಆರನೆಯ ಪುಟಕ್ಕೆ ಬಿದ್ದಿತ್ತು. ಆರನೆಯ ಪುಟದವರೆಗೆ ರೊಟ್ಟಿ ಹುಡುಕುವವರು ಯಾರು? ಈ ಸೋಮವಾರ ದೇವಾನಂದ ಪಟ್ಟಿ ತೆಗೆದು ನೋಡಿದ. ನಲವತ್ತೆರಡು ಸಾಲಿನ ಪಕ್ಕದಲ್ಲೂ ಸಪ್ನಾಳ ಹೆಸರು. "ಏ ಕ್ಯಾ ಹೈ?" ಎಂದು ಇಡೀ ಕೋಣೆಗೆ ಕೇಳುವಂತೆ ಕೇಳಿದ. ಸಪ್ನಾ ಎದ್ದು ನಿಂತು ಸ್ಕ್ರೀನನ್ನು ನೋಡಿದಳು, ಆಮೇಲೆ ಮಹಾದೇವಿಯನ್ನಲ್ಲ, ಮಹಾದೇವಿಯ ಮೇಜಿನ ಮೇಲಿನ ನೀರಿನ ಬಾಟಲಿಯನ್ನು ನೋಡಿದಳು. "ಸಾರಿ ಸರ್" ಎಂದಳು. ಅವಳು ಸಾರಿ ಎಂದಾಗ ಮಹಾದೇವಿಗೆ ಆದದ್ದು ಮೊದಲು ನಿರಾಳ. ಅದನ್ನು ಅವಳು ಯಾರಿಗೂ ಹೇಳಲಾರಳು. ಆಮೇಲೆ ನಾಚಿಕೆ, ಆಮೇಲೆ ಮಂಗಳವಾರ "ಸರ್, ಆ ವಾರ ಎಲ್ಲಾರಿಗೂ ಗಡಿಬಿಡಿ ಇತ್ತರಿ." ಬುಧವಾರ, "ಶೀಟ್ ನಾನೂ ಒಮ್ಮೆ ನೋಡಬೇಕಾಗಿತ್ತರಿ." ಗುರುವಾರ, ಕಂಪ್ಯೂಟರಿನ ಹಿಂದಿನಿಂದ ಅವನ ಕೂದಲು ಮಾತ್ರ ಕಾಣುತ್ತಿರುವಾಗ, "ಒಬ್ಬಾಕಿ ಮ್ಯಾಲ ಹಾಕೂದು ಸರಿ ಅಲ್ಲ ಅನಸ್ತದ ಸರ್." ಮೂರು ಸಲವೂ ಅವನು ಅವಳ ಒಳ್ಳೆಯತನಕ್ಕೆ ಕರಗಿದ. ಅವಳು ಎಷ್ಟು ಬಳಸಿ ಹೇಳಿದರೆ ಅಷ್ಟು ಒಳ್ಳೆಯವಳಾಗುತ್ತಿದ್ದಳು.

ಘಾಟ್ಕೋಪರಿನಲ್ಲಿ ಇಳಿದು, ಮೆಟ್ರೋದ ಕಡೆ ನುಗ್ಗುವವರ ನಡುವೆ ಇಬ್ಬರೂ ಜೊತೆಯಲ್ಲಿ, ಆದರೆ ಜೊತೆಯಲ್ಲ ಎಂಬಂತೆ ನಡೆದರು. ಫರಸಾಣದ ಅಂಗಡಿಯಲ್ಲಿ ಎಣ್ಣೆ ಕಾದ ವಾಸನೆ. ಹನ್ನೊಂದೂವರೆಯವರೆಗೆ ಮಹಾದೇವಿ ಬಾಣಂತಿಯ ಪಥ್ಯದ ಒಂದೇ ವಾಕ್ಯವನ್ನು ಬರೆದು ಅಳಿಸಿದಳು. ಪಕ್ಕದಲ್ಲಿ ಸಪ್ನಾ ಡ್ರಾವರು ತೆರೆದು ತನ್ನ ಸ್ಟೀಲಿನ ಚಮಚ, ಬಾಚಣಿಗೆ, ಅರ್ಧ ಬಿಸ್ಕೀಟಿನ ಪುಡಿಕೆ ಪರ್ಸಿಗೆ ಹಾಕಿಕೊಳ್ಳುತ್ತಿದ್ದಳು. ಸದ್ದಾಗದಂತೆ ಹಾಕಿಕೊಳ್ಳುತ್ತಿದ್ದಳು. ಕೆಟ್ಟ ಹುಡುಗಿ, ಒಂದು ಸಲ ಧಡಲ್ಲನೆ ಡ್ರಾವರು ಹಾಕಬಾರದೇ ಎಂದು ಮಹಾದೇವಿಗೆ ಸಿಟ್ಟು ಬಂತು.

ವೈಶಾಲಿಬಾಯಿ ಹೇಳಿದ ಸಮಯಕ್ಕೇ ಬಂದರು. ಐವತ್ತರ ಹೆಂಗಸು, ಧಾರವಾಡದವರು, ರೇಶಿಮೆಯ ಸೆರಗಿಗೆ ಹಿಟ್ಟಿನ ಗುರುತು. ಕುರ್ಚಿಯಲ್ಲಿ ಕೂತು ನೀರು ಕುಡಿದರು.

"ಹನ್ನೆರಡ ಮಂದಿ ಹೆಣ್ಣಮಕ್ಕಳು ಬಡಿತಿದ್ರು ರೊಟ್ಟಿ," ಎಂದರು, ದೇವಾನಂದನಿಗಲ್ಲ, ಎಲ್ಲರಿಗೂ. "ಈಗ ಆರ ಮಂದಿನ್ನ ಬರಬ್ಯಾಡ್ರಿ ಅಂದೀನಿ. ಅವರೇನ ಗೂಗಲ್ ನೋಡ್ಯಾರೇನ್ರಿ ಪಾಪ? ರೊಟ್ಟಿ ದಪ್ಪ ಆತೇನ್ರಿ ಅಕ್ಕಾರ ಅಂತ ಕೇಳ್ತಾವು. ಏನ ಹೇಳ್ಲಿ?"

"ಮಿಸ್ಟೇಕ್ ಆಗ್ಯದ ಮೇಡಂ. ಸಣ್ಣ ಹುಡುಗಿ, ಕಾಪಿ ಪೇಸ್ಟ್ ಮಾಡಿಬಿಟ್ಟಾಳ. ಸಪ್ನಾ, ಇಧರ್ ಆ."

ಸಪ್ನಾ ಎದ್ದು ಹೋದಳು, ಓಡಾಡುವ ದಾರಿಯಲ್ಲಿ ಮಹಾದೇವಿಯ ಕುರ್ಚಿ ಇತ್ತು, ದಾಟುವಾಗ ಅವಳ ಓಢಣಿಯ ಅಂಚು ಮಹಾದೇವಿಯ ಮೊಣಕೈಗೆ ತಾಗಿತು. ಆರನೆಯ ರೀತಿ, ಏಳನೆಯ ರೀತಿ, ಎಂಟನೆಯದು. ಎಲ್ಲ ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಎದ್ದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ನಾ ಮಾಡೀನಿ," ಎಂದಳು.

ದೇವಾನಂದ ನಕ್ಕ, ಪ್ರೀತಿಯಿಂದಲೇ. "ಮಹಾದೇವಿಯವ್ರ, ನಿಮ್ಮ ದಿಲ್ ದೊಡ್ಡದದ, ನನಗ ಗೊತ್ತದ. ಮೇಡಂ, ಇವರು ಮಂಗಳವಾರದಿಂದ ಈ ಹುಡುಗೀನ್ನ ಬಚಾಯಿಸಾಕ ನೋಡ್ಲಿಕತ್ಯಾರ."

"ನಾ ಮಾಡೀನಿ."

"ಕೂಡ್ರಿ ನೀವು. ನೀವು ಅಂಥಾ ಮಿಸ್ಟೇಕ್ ಮಾಡೂದೇ ಇಲ್ಲ. ಮೂವತ್ತಾರ ಬರದ ಕೊಟ್ಟಾವ್ರು ನೀವು."

"ನಾ ಮಾಡೀನಿ ಸರ್," ಎಂದಳು ಮೂರನೆಯ ಸಲ. ಅವಳ ಕಿವಿಗೇ ಅದು ಸುಳ್ಳಿನಂತೆ ಕೇಳತೊಡಗಿತ್ತು. ಒಂದೇ ಮಾತು, ಒಂದೇ ರೀತಿ. ಅವನ ಮುಖದಲ್ಲಿ ಅನುಮಾನ ದಟ್ಟವಾಗುವುದು ಕಾಣುತ್ತಿತ್ತು, ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾಳೆ ಎಂಬ ಅನುಮಾನ. ಸ್ವಲ್ಪ ಬದಲಿಸಿ ಹೇಳಿದ್ದರೆ ನಂಬುತ್ತಿದ್ದನೋ ಏನೋ. ಬದಲಿಸಲು ಬೇರೆ ಮಾತೇ ಇರಲಿಲ್ಲ.

ಅವನು ಸಪ್ನಾಳ ಕಡೆ ತಿರುಗಿದ. "ಸಚ್ ಬೋಲ್. ಇವರು ಮಾಡಿದ್ದಾ?"

ಸಪ್ನಾ ಪರ್ಸಿನ ಜಿಪ್ಪನ್ನು ಎಳೆದಳು, ಮತ್ತೆ ಮುಚ್ಚಿದಳು. "ಕಾಕೂ ಅವತ್ತ ದವಾಖಾನ್ಯಾಗ ಇದ್ರು ಸರ್."

ನಿಜ. ಒಂದು ಅಕ್ಷರ ಸುಳ್ಳಿಲ್ಲ. ಯಾವ ಕಡೆಗೆ ಬೇಕಾದರೂ ತಿರುಗಿಸಿಕೊಳ್ಳಬಹುದಾದ ನಿಜ. ಈ ಹುಡುಗಿ ತನ್ನಿಂದಲೇ ಕಲಿತಿದ್ದಾಳೆ ಎಂದು ಮಹಾದೇವಿಗೆ ಒಮ್ಮೆಗೆ ಅನಿಸಿತು, ತನ್ನ ಪಕ್ಕದಲ್ಲಿ ಎರಡು ವರ್ಷ ಕೂತು ಕಲಿತಿದ್ದಾಳೆ. "ದವಾಖಾನ್ಯಾಗ ಇದ್ದೆ," ಎಂದಳು. "ವಾರ್ಡಿನ ಹೊರಗ ಬೆಂಚಿನ ಮ್ಯಾಲ ಕುಂತ, ಈ ಫೋನಿನ್ಯಾಗ ಮಾಡೀನಿ. ನನ್ನ ಪಾಸ್‌ವರ್ಡ್ ನೆನಪಿರಲಿಲ್ಲ. ಆಕೀನ್ನ ಕೇಳಿದೆ, ಆಕಿ ತನ್ನದ ಕೊಟ್ಲು. ನಾ ತುಂಬತೀನಿ ಬಿಡ್ರಿ ಅಂದ್ಲು, ನಾನ ಬ್ಯಾಡ ಅಂದೆ. ಅಷ್ಟೂ ಸಾಲು ನನ್ನ ಬೆರಳಲೆ ಒತ್ತೀನಿ, ಒಂದೊಂದಾಗಿ. ಕಾಪಿ ಪೇಸ್ಟ್ ಸೈತ ಅಲ್ಲ."

ದೇವಾನಂದ ಅವಳ ಫೋನನ್ನು ನೋಡಿದ, ಪಟ್ಟಿಯಲ್ಲಿನ ತಾರೀಖು ನೋಡಿದ, ಆ ತಾರೀಖಿಗೆ ಅವಳು ರಜೆ ಕೇಳಿ ಕಳಿಸಿದ್ದ ಮೆಸೇಜು ಹುಡುಕಿದ. ಅವನ ಮುಖದಿಂದ ಪ್ರೀತಿ ಇಳಿದುಹೋಗುವುದನ್ನು ಮಹಾದೇವಿ ನೋಡುತ್ತ ನಿಂತಳು, ತಟ್ಟೆಯಿಂದ ನೀರು ಬಸಿದ ಹಾಗೆ.

ಮಾತಾಡಿದವರು ವೈಶಾಲಿಬಾಯಿ. "ಒಂದೊಂದಾಗಿ? ನಲವತ್ತೆರಡು?" ಎಂದರು. ಸಿಟ್ಟಿಗಿಂತ ಬೆರಗು. "ಯಾಕವ್ವ? ಗೊತ್ತಿದ್ದಾಕಿ ನೀ ಯಾಕ ಹಂಗ ಮಾಡಿದಿ?"

"ಕರದರ ಎದ್ರಲ್ಲ," ಎಂದಳು ಮಹಾದೇವಿ.

"ಯಾರು?"

ನಮ್ಮ ಮನಿಯವರು ಎನ್ನಬಹುದಿತ್ತು. ಅಮೋಲನ ಅಪ್ಪ ಎನ್ನಬಹುದಿತ್ತು. ಗಂಟಲಿನಲ್ಲಿ ಹೆಸರಿನ ಐದೂ ಅಕ್ಷರ ಬಂದು ನಿಂತವು, ಅಲ್ಲೇ ನಿಂತವು. "ಏನಿಲ್ಲರಿ," ಎಂದಳು. "ತಲಿ ಸರಿ ಇರಲಿಲ್ಲರಿ ನಂದು." ಅದು ಸುಳ್ಳು. ಆ ಮಧ್ಯಾಹ್ನದಷ್ಟು ತಲೆ ಸರಿಯಿದ್ದದ್ದು ಅವಳಿಗೆ ನೆನಪೇ ಇಲ್ಲ.

ಆಮೇಲಿನದೆಲ್ಲ ಬೇಗ ಆಯಿತು. ಸಪ್ನಾ ಉಳಿದಳು. ಪಾಸ್‌ವರ್ಡು ಕೊಟ್ಟದ್ದಕ್ಕೆ ಅವಳಿಗೆ ಎರಡು ಮಾತು ಬಿದ್ದವು, ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಹಾದೇವಿ ಇನ್ನು ಬರಹ ಬರೆಯುವುದು ಬೇಡ, ನಲವತ್ತೆರಡು ಸೈಟಿನವರಿಗೂ ಪತ್ರ ಬರೆದು ಒಂದೊಂದನ್ನೇ ಬದಲಿಸಿಕೊಳ್ಳಲಿ, ಎಲ್ಲಕ್ಕೂ ಸಪ್ನಾಳನ್ನು ಕೇಳಿಯೇ ಮಾಡಲಿ, ಆಮೇಲಿನದು ಆಮೇಲೆ ಎಂದು ದೇವಾನಂದ ಕಿಟಕಿಯ ಕಡೆ ನೋಡುತ್ತ ಹೇಳಿದ. 'ಮಹಾದೇವಿಯವ್ರ' ಎನ್ನಲಿಲ್ಲ. ವೈಶಾಲಿಬಾಯಿ ಹೋಗುವಾಗ ಅವಳ ಮೇಜಿನ ಹತ್ತಿರ ನಿಂತು, ಚೀಲದಿಂದ ರೊಟ್ಟಿಯ ಒಂದು ಪಾಕೀಟು ತೆಗೆದು ಮೇಜಿನ ಮೇಲಿಟ್ಟು ಹೋದರು. ಅದು ಕರುಣೆಯೋ, ನೋಡು ಇದು ದಪ್ಪ ಇದೆಯೇನು ಎಂಬ ಪ್ರಶ್ನೆಯೋ.

ಸಪ್ನಾ ಚಮಚ, ಬಾಚಣಿಗೆ, ಬಿಸ್ಕೀಟು ಮತ್ತೆ ಡ್ರಾವರಿಗೆ ಹಾಕಿದಳು. ಕುರ್ಚಿಯನ್ನು ಎಳೆದುಕೊಂಡು ಮಹಾದೇವಿಯ ಪಕ್ಕ ಬಂದು ಕೂತಳು.

"ನಾಕ ದಿನ ಬೇಕಾತೇನ್ರಿ ಕಾಕೂ?" ಎಂದಳು.

ಹಾಗಾದರೆ ಹುಡುಗಿ ಕಾಯುತ್ತಿದ್ದಳು. ಮಹಾದೇವಿಗೆ ಬೇಸರವೂ ಆಯಿತು, ಹುಚ್ಚು ಸಮಾಧಾನವೂ ಆಯಿತು. ಕಾಯುವವರು ಇದ್ದರಲ್ಲ ಎಂದೇ? ಸಪ್ನಾ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, ಹೆಗಲನ್ನು ಚೂರು ಓರೆ ಮಾಡಿ, ಪಾಸ್‌ವರ್ಡು ಒತ್ತಿದಳು. ಮಹಾದೇವಿ ಮರ್ಯಾದೆಯಿಂದ ಕಿಟಕಿಯ ಕಡೆ ಮುಖ ಮಾಡಿದಳು. ಆದರೂ ಕೇಳಿಸಿತು, ಬೆರಳು ಬಡಿದ ಸದ್ದು. ಸುಂದ್ರವ್ವನಿಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚಿನ ಅಕ್ಷರ. ಬದಲಿಸಿದ್ದಾಳೆ. ಬದಲಿಸಬೇಕಾದದ್ದೇ. ಗಾಜಿನಾಚೆ ಮೆಟ್ರೋ ಒಂದು ಎತ್ತರದಲ್ಲಿ ಸದ್ದಿಲ್ಲದೆ ಹಾದುಹೋಯಿತು, ಅದರ ಕಿಟಕಿಗಳಲ್ಲಿ ಸಾಲು ಸಾಲು ಮುಖ.

"ಹೂಂ, ಹೇಳ್ರಿ," ಎಂದಳು ಸಪ್ನಾ. ದನಿ ಬಿಗಿಯಾಗಿತ್ತು, ಆದರೆ ಸಿಟ್ಟಿನದಲ್ಲ, ಕೆಲಸದ್ದು. "ಮೊದಲನೇ ಸಾಲು. ಇದಕ್ಕ ಏನ ಬರಿಯೂಣು?"

ಮುಂಬೈಯಲ್ಲಿ ಖಡಕ್ ರೊಟ್ಟಿ. ನೀಲಿ ಅಕ್ಷರ. ಮಹಾದೇವಿ ಅದನ್ನೇ ನೋಡಿದಳು. ಒಂದು ಗಂಟೆಯಾಗಿತ್ತು, ಮನೆಯಲ್ಲಿ ಅವರು ಡಬ್ಬಿ ತೆರೆಯುವ ಹೊತ್ತು, ಎಡಗೈಯಿಂದ, ಮುಚ್ಚಳ ಗಟ್ಟಿ ಇದೆ. ಬೇರೆ ಮಾತು ಹುಡುಕಿದಳು, ಮೂವತ್ತಾರರಲ್ಲಿ ಒಂದಾದರೂ ಬಾರದೇ ಹೋಗದು, ಬರುತ್ತವೆ, ನಿಧಾನಕ್ಕೆ ಬಂದಾವು.

"ಅದೊಂದ ಹಂಗ ಇರಲಿ," ಎಂದಳು. "ಹತ್ತರಾಗ ಒಂದಕ್ಕ ನಡೀತೈತಿ."

ಸಪ್ನಾ ತಿರುಗಿ ಅವಳ ಮುಖವನ್ನು ನೋಡಿದಳು. ಆಮೇಲೆ ಬಾಣದ ಗುರುತನ್ನು ಎರಡನೆಯ ಸಾಲಿಗೆ ಇಳಿಸಿದಳು.